ಮಗ್ಗುಲ ಮನೆಯ ಕಾರಿನ ಹಾಳೆ
ಬೇಡಕಿಹಾಳದ ವಿರುಪಾಕ್ಷಪ್ಪನಿಗೆ ಹತ್ತು ಎಕರೆ ಕಬ್ಬಿತ್ತು, ಆದರೂ ಸಮಾಧಾನ ಇರಲಿಲ್ಲ. ಅದನ್ನು ಕೆಡಿಸಿದ್ದು ಮಗ್ಗುಲ ಮನೆಯ ಬಾಬಾಸಾಹೇಬ ಹೊಸದಾಗಿ ತಂದ ಕೆಂಪು ಕಾರು. ಕಬ್ಬಿನ ಟ್ರ್ಯಾಕ್ಟರು ಸಿಡಿಸುವ ಕಲ್ಲಿಗೆ ಬಣ್ಣ ಕೆಡಬಾರದೆಂದು ಬಾಬಾಸಾಹೇಬ ಕೊಲ್ಹಾಪುರಕ್ಕೆ ಹೋಗಿ ಅದರ ಮೈಗೆಲ್ಲ ಗಾಜಿನಂಥ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಬಂದಿದ್ದ. ವಿರುಪಾಕ್ಷಪ್ಪ ದಿನಾ ಬೆಳಿಗ್ಗೆ ಬೇವಿನ ಕಡ್ಡಿ ಕಚ್ಚಿಕೊಂಡು ಆ ಕಾರಿಗೆ ಒಂದು ಸುತ್ತು ಬರುವನು. ಹಾಳೆಯಡಿ ಎಲ್ಲಾದರೂ ಗುಳ್ಳೆ ಎದ್ದಿದೆಯೇ ಎಂದು ಉಗುರಿನಿಂದ ಒತ್ತಿ ನೋಡುವನು. ಯಾರಾದರೂ ಕಾರನ್ನು ಹೊಗಳಿದರೆ, "ಬ್ಯಾಸಗಿ ಬರಲಿ ತಡೀರಿ, ಹಾಳಿ ಹಳದಿ ಆಗತೈತಿ," ಎನ್ನುವನು. ಎರಡು ಬೇಸಿಗೆ ಕಳೆದರೂ ಹಾಳೆ ಹಳದಿಯಾಗಲಿಲ್ಲ, ಇವನ ಮುಖ ಮಾತ್ರ ಕಪ್ಪಿಟ್ಟಿತು. ಒಂದು ಮಧ್ಯಾಹ್ನ ಅವನ ತಾಯಿ ಶಿವಗಂಗವ್ವ ಎದೆ ಹಿಡಿದುಕೊಂಡು ಕುಸಿದಳು. ಕರೆಯುವ ಮೊದಲೇ ಬಾಬಾಸಾಹೇಬ ಕಾರನ್ನು ಬಾಗಿಲಿಗೆ ತಂದ. ತಾಯಿಯನ್ನು ಎತ್ತಿ ತರುವ ಅವಸರದಲ್ಲಿ ಕಬ್ಬಿಣದ ಗೇಟು ಹೋಗಿ ಕಾರಿಗೆ ಬಡಿದು, ಹಾಳೆ ಹರಿದು, ಕೆಂಪು ಬಣ್ಣದ ಮೇಲೆ ಮೊಳದುದ್ದ ಗೀರು ಬಿತ್ತು. "ಹರದ್ರ ಹರೀಲಿ ಬಿಡಪಾ, ಮೊದಲ ಅವ್ವನ್ನ ಒಳಗ ಮಲಗಸು," ಎಂದ ಬಾಬಾಸಾಹೇಬ ತಿರುಗಿಯೂ ನೋಡಲಿಲ್ಲ. ನೋಡಿದವನು ವಿರುಪಾಕ್ಷಪ್ಪ; ತಾಯಿಯ ತಲೆ ತೋಳಿನಲ್ಲಿದ್ದಾಗಲೂ ಅವನ ಕಣ್ಣು ಗೀರಿನ ಮೇಲಿತ್ತು. ಶಿವಗಂಗವ್ವ ಮಿರಜಿನ ದವಾಖಾನೆಯಿಂದ ಎಂಟು ದಿನಕ್ಕೆ ಗುಣವಾಗಿ ಬಂದಳು. ವಿರುಪಾಕ್ಷಪ್ಪ ಕಾರಿನ ಸುತ್ತ ತಿರುಗುವುದನ್ನು ಬಿಟ್ಟ. ಬಾಬಾಸಾಹೇಬ ಎದುರು ಬಂದರೆ ಮಾತ್ರ ಈಗಲೂ ಅವನಿಗೆ ಹೊಟ್ಟೆ ಉರಿಯುತ್ತದೆ: ಆ ಹೊತ್ತಿನಲ್ಲಿ ತನ್ನ ಕಾರಿನ ಗೀರನ್ನು ತಿರುಗಿ ನೋಡದೆ ಇರುವುದು ಈ ಮನುಷ್ಯನಿಂದ ಹೇಗಾಯಿತು ಎಂದು.