ಅಣ್ಣನ ಬೆರಳು, ಲ್ಯಾಪ್‌ಟಾಪಿನ ಸ್ವರ

ಅಣ್ಣನಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋದ ಮೇಲೆ ಹಾರ್ಮೋನಿಯಂ ಮೂಲೆ ಸೇರಿತು. ಬಲಗೈ ಬೆರಳು ಚೆನ್ನಾಗಿಯೇ ಇದ್ದವು. ಆದರೆ ಗಾಳಿಯ ತಿದಿ ಒತ್ತಲು ಎಡಗೈ ಬೇಕಲ್ಲ! ಸಿಂಧನೂರಿನ ಭಜನಾ ಮೇಳದವರು ಅವನ ಜಾಗಕ್ಕೆ ಇನ್ನೂ ಯಾರನ್ನೂ ಕೂಡಿಸಿರಲಿಲ್ಲ. ಅವನಿಗೂ ಮರಳಿ ಬೇಕಾದದ್ದು ಅದೊಂದೇ ಜಾಗ.

ನಾನು ಮಸ್ಕಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ತಿದಿ ಬೇಡದ ಹಾರ್ಮೋನಿಯಂ ಮಾಡಿಕೊಡುತ್ತೇನೆಂದು ಜಂಬದಿಂದ ಹೇಳಿಬಿಟ್ಟೆ. ಬ್ರೌಸರಿನಲ್ಲಿ ಹಾರ್ಮೋನಿಯಂ ದನಿ ಹೊರಡಿಸುವ ಪುಟವೊಂದಿತ್ತು. ಹಾರ್ಮೋನಿಯಂನಂಥ ಮನೆಗಳಿದ್ದರೂ ಸ್ವಂತ ದನಿಯಿಲ್ಲದ ಮಿಡಿ ಕೀಬೋರ್ಡೊಂದನ್ನು ತಂದು, ಲಿನಕ್ಸ್ ವ್ಯವಸ್ಥೆಯ ಮೇಲೆ ನಡೆಯುವ ನನ್ನ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಲಿನಕ್ಸ್ ಅದನ್ನು ಗುರುತಿಸಿತು, ಬ್ರೌಸರ್ ಗುರುತಿಸಲಿಲ್ಲ. ಅನುಮತಿ ಕೊಡು ಎನ್ನುತ್ತದೆ, ಕೊಡೋಣವೆಂದರೆ ಕೀಬೋರ್ಡೇ ಇಲ್ಲ ಎನ್ನುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅದರ ಮನೆ ಹಾಳಾಗ! ಕೊನೆಗೆ ಬ್ರೌಸರನ್ನೇ ಕಿತ್ತು ಹೊಸದಾಗಿ ಹಾಕಿದ ಮೇಲೆ ದನಿ ಬಂತು.

ಬಂತು, ಆದರೆ ತಡವಾಗಿ. ಪಾಮನಕಲ್ಲೂರಿನಿಂದ ಅಣ್ಣನ ಮೇಳದ ಗೆಳೆಯ ತಾಳಕ್ಕೆಂದು ದಮ್ಮಡಿ ಹಿಡಿದು ಬಂದಿದ್ದ. ಅವನ ಪೆಟ್ಟು ಬಿದ್ದು ಮುಗಿದ ಮೇಲೆ ಅಣ್ಣನ ಸ್ವರ ಕೇಳಿಸುತ್ತಿತ್ತು. ಅಣ್ಣನ ಮುಖ ಬಿಳುಚಿತು. ಬಲಗೈ ಮೇಲೂ ಕಣ್ಣಿಡಿ ಎಂದು ಲಿಂಗಸುಗೂರಿನ ಡಾಕ್ಟರು ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು.

"ಈ ಕೈನೂ ಹೋಗಾಕತ್ತದ," ಅಂದ.

ತಪ್ಪು ಕೈಯದಲ್ಲ, ದನಿ ಬ್ರೌಸರಿನಿಂದ ಹೊರಟು ಲಿನಕ್ಸಿನೊಳಗೆ ಸುತ್ತಿ ಸ್ಪೀಕರಿಗೆ ಬರುವಷ್ಟರಲ್ಲಿ ತಡವಾಗುತ್ತದೆ ಎಂದೆ. ಸಮಾಧಾನಕ್ಕೆ ಹೇಳುತ್ತೇನೆಂದೇ ತಿಳಿದ. ಸಿಟ್ಟು ಬಂದು ನಾನೇ ಒತ್ತಿ ತೋರಿಸಿದೆ. ನನ್ನ ಸ್ವರವೂ ತಡವಾಗಿ ಬಂತು.

"ನೀ ಯಾವಾಗ ತಾಳಕ್ಕ ಬಾರ್ಸಿದ್ದಿ ಬೇ?" ಎಂದು ನಕ್ಕ.

ಲ್ಯಾಪ್‌ಟಾಪನ್ನು ಅಣ್ಣನ ಮನೆಯಲ್ಲೇ ಬಿಟ್ಟೆ. ಭಾನುವಾರ ಬಂತೆಂದರೆ ಬಸ್ಸು ಹಿಡಿದು ಸಿಂಧನೂರಿಗೆ ಹೋಗಿ ದನಿಯ ದಾರಿ ತಿದ್ದುತ್ತ ಕೂರುತ್ತಿದ್ದೆ. ಒಂದು ಸೆಟ್ಟಿಂಗ್ ಬದಲಿಸಿದರೆ ಚರಚರ ಸದ್ದು, ಇನ್ನೊಂದನ್ನು ಮುಟ್ಟಿದರೆ ಸದ್ದೇ ಇಲ್ಲ. ಅಣ್ಣ ಮಾತ್ರ ದಿನಾಲೂ ನುಡಿಸುತ್ತಿದ್ದ, ಗೆಳೆಯನೂ ಆಗಾಗ ದಮ್ಮಡಿ ತಂದು ಜೊತೆ ಕೂರುತ್ತಿದ್ದ. ಬರಬರುತ್ತ ದಮ್ಮಡಿಗೂ ಅವನಿಗೂ ಹೊಂದಿಕೆಯಾಗತೊಡಗಿತು. ಹೇಗೆಂದು ನಾನು ಯೋಚಿಸಲಿಲ್ಲ, ಸುಮ್ಮನೆ ಖುಷಿಪಟ್ಟೆ.

ಒಂದು ಭಾನುವಾರ, ದನಿಯನ್ನು ತಡೆದು ಕೂಡಿಸಿಕೊಳ್ಳುತ್ತಿದ್ದ ಬಫರನ್ನು ಚಿಕ್ಕದು ಮಾಡಿದಾಗ ಎಲ್ಲವೂ ಸರಿಯಾಯಿತು. ಬೆರಳಿನ ಜೊತೆಗೇ ಸ್ವರ! ಕುಣಿಯುವುದೊಂದು ಬಾಕಿ. ಇಬ್ಬರನ್ನೂ ಕರೆದು ಕೂಡಿಸಿದೆ.

ಅಣ್ಣನ ಸ್ವರ ದಮ್ಮಡಿಗಿಂತ ಮುಂಚೆ ಬಂತು. ಮತ್ತೆ ನುಡಿಸಿದ, ಮತ್ತೆ ಮುಂಚೆ. ಆಗ ನನಗೆ ಹೊಳೆಯಿತು. ತಡ ತನ್ನ ಕೈಯದೇ ಎಂದು ನಂಬಿ, ಪೆಟ್ಟು ಬೀಳುವ ಮೊದಲೇ ಒತ್ತುವುದನ್ನು ಅವನು ರೂಢಿ ಮಾಡಿಕೊಂಡಿದ್ದ.

"ಅವತ್ತು ಮಶೀನಿಂದು ತಪ್ಪಂದಿ," ಅಂದ ಮೆತ್ತಗೆ. "ಇವತ್ತು ಯಾರ್ದು?"

ಬಿಡಿಸಿ ಬಿಡಿಸಿ ಹೇಳಿದೆ. ಆದರೆ ನನ್ನ ಮಾತು ನಂಬುವುದನ್ನು ಅವನು ಎಂದೋ ಬಿಟ್ಟಿದ್ದ. ಗೆಳೆಯನ ಕಡೆ ತಿರುಗಿ, "ಮ್ಯಾಳದಾಗ ನನ್ನ ಜಾಗಾಕ್ಕ ಬ್ಯಾರೆಯವ್ರನ್ನ ಕೂಡ್ಸಿಕೊಳ್ಳಾಕ ಹೇಳು," ಅಂದ.