ಗಟ್ಟಿ ಸ್ಪ್ರಿಂಗಿನ ಕಾರು

ಮಕ್ಕಳೇ, ನಮ್ಮ ಹಳೆಯ ಕಾರಿನ ಹಿಂಭಾಗ ತಗ್ಗಿ, ಚಾಮರಾಜಪೇಟೆಯ ಹಂಪ್‌ಗಳಿಗೆಲ್ಲ ತಳ ಉಜ್ಜುತ್ತಿತ್ತು. ನಿಮ್ಮ ತಾತನಿಗೆ ಆಗಷ್ಟೇ ಬೆನ್ನುಮೂಳೆಯ ಕಾಯಿಲೆ ಗೊತ್ತಾಗಿತ್ತು. ವಾರಕ್ಕೆರಡು ಸಲ ಆಸ್ಪತ್ರೆ. ಕಾರನ್ನು ಇನ್ನೂ ಅವರೇ ಓಡಿಸುತ್ತಿದ್ದರು. ಇಬ್ಬರೂ ಗ್ಯಾರೇಜಿಗೆ ಹೋದೆವು.

ಮೇಸ್ತ್ರಿ ಡಿಕ್ಕಿಯ ಮೇಲೆ ಕೈಯೂರಿ ಅದುಮಿ ನೋಡಿದ. "ಸ್ಪ್ರಿಂಗ್ ಹೋಗಿದೆ ಸಾರ್. ಮೆತ್ತಂದು ಹಾಕಿದ್ರೆ ಕೂತೋರಿಗೆ ಸುಖ, ಲೋಡ್ ತಡೆಯಲ್ಲ. ಗಟ್ಟೀದು ಎಷ್ಟು ಲೋಡ್‌ಗೂ ಜಗ್ಗಲ್ಲ, ಆದ್ರೆ ಖಾಲಿ ಗಾಡಿ ಎತ್ತಾಕತ್ತೆ. ಯಾವ್ದು ಹಾಕ್ಲಿ?"

"ಗಟ್ಟೀದೇ ಹಾಕಪ್ಪ. ಊರಿಂದ ರಾಗಿ ಮೂಟೆ ತರ್ತಿರ್ತೀವಿ" ಎಂದರು ತಾತ. ರಾಗಿ ತಂದು ಎರಡು ವರ್ಷವಾಗಿತ್ತು. ಕಾಯಿಲೆಯ ಸುದ್ದಿ ಹೊರಗಿನವರ ಬಾಯಿಗೆ ಬೀಳಬಾರದೆಂಬುದು ಅವರ ಹಟ.

ಮೇಸ್ತ್ರಿ ನನ್ನತ್ತ ತಿರುಗಿ ನಕ್ಕ. "ಅಮ್ಮಾವ್ರು ಏನಂತೀರಾ? ಹಿಂದೆ ಕೂತು ಬೈಕೊಳ್ಳೋರು ನೀವೇ."

ಇನ್ನು ಕೆಲವು ದಿನಕ್ಕೆ ಹಿಂದೆ ಮಲಗಿ ಹೋಗುವವರು ಅವರೇ ಎಂದು ನನಗೆ ಗೊತ್ತಿತ್ತು. ಗಂಡ ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಬೆಳೆದವಳು ನಾನು. "ಅವರು ಹೇಳಿದ ಹಾಗೆ" ಎಂದೆ.

ತಿಂಗಳಾಗುವಷ್ಟರಲ್ಲಿ ನಿಮ್ಮಪ್ಪ ಕಾರು ಓಡಿಸುವಂತಾಯಿತು. ತಾತ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಹಂಪ್ ಬಂದಾಗೆಲ್ಲ ಕಾರು ಎತ್ತಿ ಕುಕ್ಕುತ್ತಿತ್ತು. ಅವರು ಕೂಗುತ್ತಿರಲಿಲ್ಲ, ನನ್ನ ಸೆರಗನ್ನು ಕಚ್ಚಿಕೊಳ್ಳುತ್ತಿದ್ದರು. ಎತ್ತಿನಗಾಡಿಯೂ ಖಾಲಿಯಿದ್ದಾಗಲೇ ಹೆಚ್ಚು ಕುಲುಕುವುದನ್ನು ಊರಿನಲ್ಲಿ ಕಂಡಿದ್ದೆ. ಹಾಗಾಗಿ ಡಿಕ್ಕಿಗೆ ಎರಡು ಮೂಟೆ ಅಕ್ಕಿ ಹಾಕಿಸಿದೆ. ಕುಲುಕಾಟ ಸ್ವಲ್ಪ ತಗ್ಗಿತು, ಸಾಲಲಿಲ್ಲ.

"ಯಾರ ಮನೆ ಮದುವೇನೇ?" ಎಂದು ಅಕ್ಕಿ ಮೂಟೆ ಕಂಡು ಕೇಳಿದರು ತಾತ.

ಮಾರನೆಯ ದಿನ ಒಬ್ಬಳೇ ಗ್ಯಾರೇಜಿಗೆ ಹೋದೆ. ಗುರುತಿಲ್ಲದ ಗಂಡಸರ ಮುಂದೆ ನಿಂತು ಮಾತಾಡಿ ಅಭ್ಯಾಸವಿಲ್ಲ. ನೆಲ ನೋಡಿಕೊಂಡೇ ಎಲ್ಲ ಹೇಳಿದೆ. ಮೇಸ್ತ್ರಿ ಕೈ ಒರೆಸಿಕೊಂಡು ಹತ್ತಿರ ಬಂದ.

"ಅವತ್ತೇ ಒಂದ್ ಮಾತು ಹೇಳ್ಬಾರ್ದಿತ್ತಾ ಅಮ್ಮ? ಕಾಯಿಲೆಯವ್ರು ಅಂತ ಗೊತ್ತಿದ್ರೆ ಇದನ್ನ ಹಾಕ್ತಿದ್ನಾ ನಾನು? ಗಾಡಿ ಕಳ್ಸಿ, ಸಾಯಂಕಾಲಕ್ಕೆ ಕೊಡ್ತೀನಿ."

ಮೆತ್ತನೆಯ ಸ್ಪ್ರಿಂಗ್ ಹಾಕಿಸಿ ಹೊರಟ ದಿನ, ಬಸವನಗುಡಿ ದಾಟುವ ಮೊದಲೇ ತಾತನಿಗೆ ನಿದ್ದೆ ಬಂತು. ಆಸ್ಪತ್ರೆಯ ಬಾಗಿಲಲ್ಲಿ ನಿಮ್ಮಪ್ಪ ಎರಡು ಸಲ, "ಅಮ್ಮ, ಇಳಿಸ್ಬೇಕು" ಎಂದ. ಎಬ್ಬಿಸಲು ಮನಸ್ಸಾಗಲಿಲ್ಲ.

ಅಂದು ಒಳಗೆ ಸೇರಿಸಿಕೊಂಡವರು ಅವರನ್ನು ಮತ್ತೆ ಮನೆಗೆ ಕಳಿಸಲಿಲ್ಲ. ಹಾಗೆ ನಿದ್ದೆ ಮಾಡುತ್ತ ಹೋದದ್ದು ಅದೊಂದೇ ಸಲ. ಅದಕ್ಕೆ ಮುಂಚೆ ಹನ್ನೊಂದು ಸಲ ನೋವು ತಿಂದುಕೊಂಡು ಹೋಗಿದ್ದರು. ಅಷ್ಟು ಸಲವೂ ಅವರಿಗೆ ನಿದ್ದೆ ಬರುತ್ತಿತ್ತೋ ಏನೋ, ನಾನು ಅವತ್ತು ಗ್ಯಾರೇಜಿನಲ್ಲಿ ಬಾಯಿಬಿಟ್ಟಿದ್ದರೆ.