ಹನುಮಂತಯ್ಯನವರ ವೋಟು

ನಾಯಂಡಹಳ್ಳಿಯ ಬೋಲ್ಟು ಕಾರ್ಖಾನೆಯೊಂದರಲ್ಲಿ ಹನುಮಂತಯ್ಯ ಇಪ್ಪತ್ತೆಂಟು ವರ್ಷದಿಂದ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿದ್ದರು. ತಯಾರಾಗಿ ಬಂದ ಬೋಲ್ಟುಗಳ ಥ್ರೆಡ್ಡು ನೋಡಿ, ಕೆಟ್ಟದ್ದನ್ನು ಕೆಂಪು ಡಬ್ಬಿಗೆ ಹಾಕುವುದು ಅವರ ಕೆಲಸ. ನೋಡುವುದು ಅನ್ನುವುದು ಬರೀ ಹೆಸರಿಗೆ. ಎರಡು ವರ್ಷದಿಂದ ಅವರು ಹೆಬ್ಬೆರಳಿನ ಉಗುರನ್ನು ಥ್ರೆಡ್ಡಿನ ಮೇಲೆ ಎಳೆದೇ ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ. ಅವರ ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ಇಣುಕಿದಷ್ಟು ಜಾಗ ಮಾತ್ರ ಉಳಿದಿದೆ, ಅದರಲ್ಲೂ ಮಂಜು ಎನ್ನುವುದು ಹೀಗಾಗಿ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

"ನರ ಸತ್ತಿದೆ. ಸತ್ತಿದ್ದು ಬದುಕಲ್ಲ. ಉಳಿದಿದ್ದನ್ನ ಉಳಿಸ್ಕೊಳ್ಳೋಕೆ ಡ್ರಾಪ್ಸ್ ಹಾಕ್ಕೊಳ್ಳಿ" ಎಂದು ಕಣ್ಣಿನ ಡಾಕ್ಟರು 1984ರಲ್ಲಿ ಹೇಳಿದ್ದರು. ಆಗ ಹನುಮಂತಯ್ಯನವರಿಗೆ ಐವತ್ತೊಂದು. ರಿಟೈರಾಗಲು ಇನ್ನೂ ಏಳು ವರ್ಷ. ವಿಜಯನಗರದ ಬಾಡಿಗೆ ಮನೆಯಲ್ಲಿ ಹೆಂಡತಿ ಗಂಗಲಕ್ಷ್ಮಮ್ಮನಿಗೂ ಟೈಪಿಂಗ್ ಕಲಿಯುತ್ತಿದ್ದ ಮಗಳು ವತ್ಸಲಾಗೂ ಬಿಟ್ಟರೆ ಇನ್ನಾರಿಗೂ ಅವರು ಬಾಯಿ ಬಿಡಲಿಲ್ಲ.

ಆದರೆ ಅವರಿಗೆ ಇನ್ನೊಂದು ಕೆಲಸವೂ ಇತ್ತು. ಅದರಲ್ಲಿ ಉಗುರು ಎಳೆದು ಹೇಳುವ ಹಾಗಿರಲಿಲ್ಲ.

ಹನುಮಂತಯ್ಯ ಹರೆಯದಲ್ಲಿ ಒಳ್ಳೆಯ ಡಿಫೆಂಡರ್ ಆಗಿದ್ದವರು. ಆ ಹೆಸರಿನ ಮೇಲೆ, ಎಂಟು ಕಾರ್ಖಾನೆಗಳ ತಂಡಗಳು ಆಡುವ ಫುಟ್‌ಬಾಲ್ ಲೀಗಿನಲ್ಲಿ ವರ್ಷದ ಅತ್ಯುತ್ತಮ ಡಿಫೆಂಡರ್‌ನನ್ನು ಆರಿಸುವ ಮೂವರ ಕಮಿಟಿಗೆ ಅವರನ್ನು ಹಾಕಿಕೊಂಡಿದ್ದರು. ಹನ್ನೊಂದು ವರ್ಷದಿಂದ ಅವರು ಆ ಕಮಿಟಿಯಲ್ಲಿದ್ದರು. ಬಹುಮಾನವೆಂದರೆ ಗೇಣುದ್ದದ ಹಿತ್ತಾಳೆ ಕಪ್ಪು. ಆದರೆ ಕಪ್ಪು ಗೆದ್ದವನನ್ನು ದೊಡ್ಡ ಕಾರ್ಖಾನೆಯೊಂದು ಆಟಗಾರರ ಕೋಟಾದಲ್ಲಿ ಪರ್ಮನೆಂಟ್ ಕೆಲಸಕ್ಕೆ ತೆಗೆದುಕೊಳ್ಳುವ ರೂಢಿ ನಾಲ್ಕು ವರ್ಷದಿಂದ ಬೆಳೆದಿತ್ತು. ಹಾಗಾಗಿ ಆ ಮೂವರು ಕೂತು ಯಾರ ಹೆಸರು ಬರೆಯುತ್ತಾರೋ ಅವನ ಮನೆಯ ಒಲೆ ಉರಿಯುತ್ತಿತ್ತು.

ಬಿಡಬಹುದಿತ್ತು. ಬಿಡಬೇಕಾಗಿತ್ತು. ಆದರೆ ಕಾರಣ ಕೇಳಿದರೆ ಏನು ಹೇಳುವುದು? ಕಮಿಟಿಯಲ್ಲಿ ಬಾಯಿಬಿಟ್ಟದ್ದು ಕಾರ್ಖಾನೆಗೆ ತಲುಪಲು ಎಷ್ಟು ಹೊತ್ತು? ಹೀಗೆ ಹೆದರಿ ಅವರು ವತ್ಸಲಾಳನ್ನು ಕರೆದುಕೊಂಡು ರಾಜಾಜಿನಗರದ ಮೈದಾನಕ್ಕೆ ಹೋಗತೊಡಗಿದರು. ಉಳಿದಿಬ್ಬರು ಶಾಮಿಯಾನದ ಕೆಳಗೆ ಕೂತರೆ, ಇವರು "ಡಿಫೆಂಡರ್‌ನ ಹಿಂದಿನಿಂದ ನೋಡ್ಬೇಕು" ಎಂದು ಗೋಲಿನ ಹಿಂದೆ ಕಲ್ಲು ಚಪ್ಪಡಿಯ ಮೇಲೆ ಕೂರುತ್ತಿದ್ದರು. ವತ್ಸಲಾ ಮೆಲ್ಲಗೆ ಹೇಳುತ್ತಾ ಹೋಗುತ್ತಿದ್ದಳು.

"ಚೆಂಡು ನೋಡ್ಬೇಡ ಕಣಮ್ಮ" ಎಂದು ಅವರು ಮೊದಮೊದಲು ತಿದ್ದುತ್ತಿದ್ದರು. "ಚೆಂಡನ್ನ ಎಲ್ರೂ ನೋಡ್ತಾರೆ. ಚೆಂಡು ಇಲ್ಲದವನ ಕಾಲು ಎತ್ತ ತಿರುಗಿದೆ ನೋಡು."

ಒಂದು ಸೀಸನ್ ಮುಗಿಯುವಷ್ಟರಲ್ಲಿ ಆ ಹುಡುಗಿಗೆ ಆಟ ಅಂಗೈ ಮೇಲಿನ ನೆಲ್ಲಿಕಾಯಿಯಂತಾಯಿತು. ಹನುಮಂತಯ್ಯ ಕೇಳುವ ಮೊದಲೇ ಹೇಳುವಳು. 1985ರ ಕಪ್ಪು ಅವಳು ಕಂಡು ಹೇಳಿದವನಿಗೇ ಹೋಯಿತು. ಯಾರೂ ತಕರಾರು ಮಾಡಲಿಲ್ಲ.

ಮರುವರ್ಷ ಕಪ್ಪಿಗೆ ಇಬ್ಬರ ಹೆಸರು ಉಳಿಯಿತು. ಒಬ್ಬ ಕಿಟ್ಟಿ, ಇಪ್ಪತ್ತೆರಡರ ಹುಡುಗ. ಓಡುವ ಫಾರ್ವರ್ಡ್‌ನ ಕಾಲಡಿಗೆ ಜಾರಿಕೊಂಡು ಹೋಗಿ ಚೆಂಡು ಕಿತ್ತುಕೊಳ್ಳುತ್ತಿದ್ದ. ಎದ್ದಾಗ ಮೈಯೆಲ್ಲ ಕೆಮ್ಮಣ್ಣು, ಮೈದಾನದ ತುಂಬ ಶಿಳ್ಳೆ. ಇನ್ನೊಬ್ಬ ಲಕ್ಷ್ಮೀಪತಿ. ಇಪ್ಪತ್ತೆಂಟು ತುಂಬುತ್ತಿತ್ತು, ಮಾಗಡಿ ರೋಡಿನ ಮಿಲ್ಲೊಂದರಲ್ಲಿ ಯಾರಾದರೂ ರಜೆ ಹಾಕಿದ ದಿನ ಕರೆಸಿಕೊಳ್ಳುವ ಬದಲಿ ಕೆಲಸಗಾರ. ಅವನಿಗೆ ಯಾರೂ ಶಿಳ್ಳೆ ಹೊಡೆಯುತ್ತಿರಲಿಲ್ಲ. ಶಿಳ್ಳೆ ಹೊಡೆಯುವಂಥದ್ದೇನನ್ನೂ ಅವನು ಮಾಡುತ್ತಿರಲಿಲ್ಲ.

"ಲಕ್ಷ್ಮೀಪತಿಯವರಿರೋ ಕಡೆ ಯಾರೂ ಬರೋದೇ ಇಲ್ಲ ಅಪ್ಪ" ಎಂದಳು ವತ್ಸಲಾ ಒಂದು ದಿನ. "ಬರೋಣ ಅಂತ ನೋಡ್ತಾರೆ, ಆಮೇಲೆ ಇನ್ನೊಂದು ಕಡೆಗೆ ತಿರುಗಿಬಿಡ್ತಾರೆ."

ಫೈನಲ್ಲಿನಲ್ಲಿ ಕಿಟ್ಟಿಯ ತಂಡವೂ ಲಕ್ಷ್ಮೀಪತಿಯ ತಂಡವೂ ಎದುರಾದವು. ಆಟ ಮುಗಿಯಲು ಐದು ನಿಮಿಷವಿದ್ದಾಗ ಉದ್ದನೆಯ ಚೆಂಡೊಂದು ಲಕ್ಷ್ಮೀಪತಿಯ ಕಡೆ ಬಂತು. ಅವನು ಒದೆಯಲು ಓಡಿದ. ಆಗ ಹನುಮಂತಯ್ಯನವರ ಮೂಗಿನ ಮುಂದೆಯೇ ಎನ್ನುವ ಹಾಗೆ ಗೋಲ್‌ಕೀಪರ್ ಕೂಗಿದ್ದು ಕೇಳಿಸಿತು: "ಬಿಡೋ ಲಕ್ಷ್ಮಿ, ನಂದು!" ಲಕ್ಷ್ಮೀಪತಿ ನಿಂತುಬಿಟ್ಟ. ಗೋಲ್‌ಕೀಪರ್ ಮುನ್ನುಗ್ಗಿದವನು ಸಡಿಲ ಮಣ್ಣಿನಲ್ಲಿ ಜಾರಿದ. ಹಿಂದಿನಿಂದ ಬಂದ ಫಾರ್ವರ್ಡ್ ಚೆಂಡನ್ನು ಮೆಲ್ಲಗೆ ಒಳಕ್ಕೆ ತಳ್ಳಿದ.

"ಕಂಬದ ಥರ ನಿಂತ್ಕೊಂಡ್ಯಲ್ಲೋ!" ಎಂದು ಜನ ಉಗಿದರು. ಗೋಲ್‌ಕೀಪರ್, "ನಾನು ಕೂಗೇ ಇಲ್ಲ" ಎಂದುಬಿಟ್ಟ. ಆ ಒಂದು ಗೋಲಿನಿಂದ ಕಿಟ್ಟಿಯ ತಂಡ ಗೆದ್ದಿತು.

ಎರಡು ದಿನ ಬಿಟ್ಟು ಸಂಜೆ ಲಕ್ಷ್ಮೀಪತಿ ಮನೆಗೆ ಬಂದ. ಗಂಗಲಕ್ಷ್ಮಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ.

"ಸಾರ್, ಕಪ್ ಕೊಡಿ ಅಂತ ಕೇಳೋಕೆ ಬಂದಿಲ್ಲ. ಹಾಗೆ ಕೇಳಬಾರದು ಅಂತ ಗೊತ್ತು. ನೀವು ಗೋಲ್ ಹಿಂದೆ ಇದ್ರಿ. ಅವನು ಕೂಗಿದ್ದು ನಿಮಗೆ ಕೇಳಿಸ್ತಾ, ಇಲ್ವಾ? ಅಷ್ಟು ಹೇಳಿ. ನನಗೇ ಅನುಮಾನ ಬಂದುಬಿಟ್ಟಿದೆ."

"ಕೇಳಿಸ್ತಪ್ಪ."

ಲಕ್ಷ್ಮೀಪತಿ ಮುಖ ಒರೆಸಿಕೊಂಡ. "ಆ ಕೋಟಾಗೆ ವಯಸ್ಸು ಇಪ್ಪತ್ತೆಂಟೇ ಕೊನೆ ಸಾರ್. ಮಿಲ್ಲಲ್ಲಿ ಬದಲಿಯೋರನ್ನ ಬರೋ ತಿಂಗಳಿಂದ ಕರೆಯೋದಿಲ್ಲ ಅಂತಿದಾರೆ. ಇದೊಂದು ಹೋದ್ರೆ ನನಗೆ ಬೇರೇನೂ ಬರಲ್ಲ. ಹದಿನಾಲ್ಕು ವರ್ಷ ಇದನ್ನೇ ಕಲ್ತೆ." ಎದ್ದು ನಿಂತವನು ಬಾಗಿಲ ಹತ್ತಿರ ಮತ್ತೆ ತಿರುಗಿದ. "ನೀವು ಕಂಡಿದ್ದು ಹೇಳಿ ಸಾರ್. ಅಷ್ಟೇ."

ಕಂಡದ್ದು! ಆ ರಾತ್ರಿ ಹನುಮಂತಯ್ಯ ಫೈನಲ್ಲಿನ ಕೊನೆಯ ಐದು ನಿಮಿಷವನ್ನು ವತ್ಸಲಾಳಿಂದ ಮತ್ತೆ ಹೇಳಿಸಿಕೊಂಡರು.

ಕಮಿಟಿ ಸೇರಿದ್ದು ಭಾನುವಾರ ಮಧ್ಯಾಹ್ನ, ರಾಜಾಜಿನಗರದ ಹೋಟೆಲೊಂದರ ಮಹಡಿಯ ಕೋಣೆಯಲ್ಲಿ. ವತ್ಸಲಾ ಮೆಟ್ಟಿಲವರೆಗೆ ಕೈ ಹಿಡಿದು ತಂದು ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಅಧ್ಯಕ್ಷ ಏಕಾಂತಯ್ಯ ಇದ್ದರು. ರಿಟೈರಾದ ಮೇಷ್ಟ್ರು, ನಿಧಾನದ ಮನುಷ್ಯ, ಎರಡು ಕಡೆಯ ಮಾತನ್ನೂ ಪೂರ್ತಿ ಕೇಳುವವರು. ಮತ್ತೊಬ್ಬ ವೆಂಕಟಸ್ವಾಮಿ. ಇನ್ನೊಂದು ಕಾರ್ಖಾನೆಯ ಕ್ರೀಡಾ ಸೆಕ್ರೆಟರಿ, ಮಾತಿನಲ್ಲಿ ಚುರುಕು.

"ಇದರಲ್ಲಿ ಚರ್ಚೆ ಏನಿದೆ ಸಾರ್?" ಎಂದು ವೆಂಕಟಸ್ವಾಮಿ ಶುರುಮಾಡಿದ. "ಕಿಟ್ಟಿ ಈ ಸೀಸನ್ನಲ್ಲಿ ಎಷ್ಟು ಗೋಲು ತಪ್ಪಿಸಿದಾನೆ ಊರಿಗೆಲ್ಲ ಗೊತ್ತು. ಲಕ್ಷ್ಮೀಪತಿ ಏನು ಮಾಡಿದಾನೆ, ಒಂದು ಹೇಳಿ."

"ತಪ್ಪಿಸೋ ಪ್ರಸಂಗಾನೇ ಬರೋಕೆ ಬಿಡಲಿಲ್ಲ" ಎಂದರು ಹನುಮಂತಯ್ಯ. "ಮನೆಗೆ ಬೆಂಕಿ ಬಿದ್ದ ಮೇಲೆ ಆರಿಸೋನು ಒಬ್ಬ. ಬೀಳದ ಹಾಗೆ ನೋಡ್ಕೊಳ್ಳೋನು ಒಬ್ಬ. ಎರಡನೆಯವನ ಕೆಲಸ ಕಣ್ಣಿಗೆ ಬೀಳಲ್ಲ."

ಏಕಾಂತಯ್ಯ ತಲೆದೂಗಿದರು. "ಮಾತು ಸರಿ. ಆದರೆ ಫೈನಲ್ಲಲ್ಲಿ ಬೆಂಕಿ ಬಿತ್ತಲ್ಲ ಹನುಮಂತಯ್ಯನವರೇ. ನಿಂತು ನೋಡಿದನಲ್ಲ."

"ಗೋಲ್‌ಕೀಪರ್ ಕೂಗಿದ. ಬಿಡು, ನಂದು ಅಂತ. ಅಂಥ ಮಾತಿಗೆ ನಿಲ್ಲದ ಡಿಫೆಂಡರ್ ಇದ್ರೆ ಅವನು ಡಿಫೆಂಡರೇ ಅಲ್ಲ."

"ಅಷ್ಟು ಗಲಾಟೇಲಿ ಯಾರು ಕೂಗಿದ್ರೋ!" ವೆಂಕಟಸ್ವಾಮಿ ನಕ್ಕ. "ಗೋಲ್‌ಕೀಪರ್ ಬಾಯಿ ತೆಗೆದಿದ್ದು ನೋಡಿದ್ರಾ ನೀವು?"

"ನೋಡ್ದೆ" ಎಂದುಬಿಟ್ಟರು ಹನುಮಂತಯ್ಯ.

ಏಕಾಂತಯ್ಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನೀವು ಕಣ್ಣಾರೆ ಕಂಡಿದ್ರೆ ನನಗೆ ಅಷ್ಟು ಸಾಕು."

ಹನುಮಂತಯ್ಯನವರಿಗೆ ಗೆದ್ದೆನೆನ್ನಿಸಿತು. ಆಗ ವೆಂಕಟಸ್ವಾಮಿ ಚೀಲದಿಂದ ಫೋಟೋ ಒಂದನ್ನು ತೆಗೆದು ಕೈಗಿತ್ತ. "ಪತ್ರಿಕೆಯವರು ತೆಗೆದಿದ್ದು. ಅದೇ ಗಳಿಗೇದು. ನೀವೇ ನೋಡಿ, ನೋಡಿ ಹೇಳಿ."

ಹನುಮಂತಯ್ಯ ಫೋಟೋವನ್ನು ಹತ್ತಿರ ತಂದರು, ದೂರ ಹಿಡಿದರು, ಎಡಗಣ್ಣಿಗೆ ಓರೆ ಮಾಡಿದರು. ಮಬ್ಬು ಬೆಳಕಿನ ಕೋಣೆ. ಮಂಜಿನೊಳಗೆ ಕಪ್ಪು ಬಿಳುಪಿನ ಕಲೆಗಳು ತೇಲಿದವು. ಇಬ್ಬರೂ ಕಾಯುತ್ತಿದ್ದರು.

"ಇಲ್ಲೇ ಇದೆಯಲ್ಲ" ಎಂದರು. "ಗೋಲ್‌ಕೀಪರ್ ಬಾಯಿ ತೆರೆದಿದಾನೆ."

ವೆಂಕಟಸ್ವಾಮಿಗೆ ನಿಜವಾಗಿಯೂ ಗಲಿಬಿಲಿಯಾಯಿತು. "ಈ ಫೋಟೋದಲ್ಲಿ ಗೋಲ್‌ಕೀಪರ್ ಇಲ್ವೇ ಇಲ್ಲ ಸಾರ್. ಲಕ್ಷ್ಮೀಪತಿ ಒಬ್ಬನೇ ಇರೋದು."

ಕೆಳಗಿನಿಂದ ಲೋಟ ತೊಳೆಯುವ ಸದ್ದು ಬರುತ್ತಿತ್ತು. ಸುಳ್ಳುಗಾರ ಎಂದುಕೊಂಡರೆ ಎಂದುಕೊಳ್ಳಲಿ ಎಂದು ಹನುಮಂತಯ್ಯ ಇಷ್ಟಕ್ಕೆ ಬಿಟ್ಟು ಎದ್ದು ಹೋಗಬಹುದಿತ್ತು. ಆದರೆ ಹಾಗೆ ಹೋದರೆ ಲಕ್ಷ್ಮೀಪತಿಯ ಪರವಾಗಿದ್ದ ಒಂದೇ ಸಾಕ್ಷಿಯೂ ಸುಳ್ಳಾಗುತ್ತದೆ. ಹನುಮಂತಯ್ಯ ಫೋಟೋವನ್ನು ಮೇಜಿನ ಮೇಲಿಟ್ಟರು.

"ನನಗೆ ಕಾಣಲ್ಲ ಏಕಾಂತಯ್ಯನವರೇ. ಎರಡು ವರ್ಷ ಆಯ್ತು. ಕೂಗಿದ್ದು ಕೇಳಿದ್ದು ನಾನು. ನೋಡಿದ್ದು ನನ್ನ ಮಗಳು. ಹೊರಗಿದಾಳೆ. ದಯಮಾಡಿ ಕರೆದು ಕೇಳಿ. ನನ್ನನ್ನ ಏನಾದ್ರೂ ಮಾಡಿ, ಅವಳ ಮಾತು ಒಂದು ಕೇಳಿ."

ವತ್ಸಲಾ ಒಳಗೆ ಬಂದಾಗ ಅಪ್ಪನ ಮುಖ ನೋಡಿಯೇ ನಡೆದದ್ದು ತಿಳಿದುಕೊಂಡಳು. ಏಕಾಂತಯ್ಯ ಕೇಳಿದಾಗ ನಿಂತಲ್ಲೇ ಹೇಳತೊಡಗಿದಳು.

"ಗೋಲ್‌ಕೀಪರ್ ಬಲಗೈ ಎತ್ತಿ ಕೂಗಿದ್ರು ಸಾರ್. ನಾನು ನೋಡ್ದೆ. ಫೈನಲ್ ಬಿಟ್ಟು ಹದಿನಾಲ್ಕು ಮ್ಯಾಚಲ್ಲಿ ಲಕ್ಷ್ಮೀಪತಿಯವರು ನೆಲಕ್ಕೆ ಬಿದ್ದಿದ್ದು ಮೂರೇ ಸಲ. ಕಿಟ್ಟಿಯವರು ಚೆನ್ನಾಗಿ ಆಡ್ತಾರೆ, ಇಲ್ಲ ಅನ್ನಲ್ಲ. ಆದರೆ ಅವರು ಜಾರಿಕೊಂಡು ಹೋಗೋದು ತಡವಾಗಿರೋದ್ರಿಂದ. ಇವರು ಮೊದಲೇ ಹೋಗಿ ನಿಂತಿರ್ತಾರೆ. ಮಳೆ ಬಂದ ದಿನದ ಮ್ಯಾಚಲ್ಲಿ ಜೊತೆಗಾರನ ಕಾಲು ಉಳುಕಿತ್ತು. ಅರ್ಧ ಗಂಟೆ ಇಬ್ಬರ ಜಾಗಾನೂ ಇವರೊಬ್ಬರೇ ಕಾದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕಂದ್ರೆ ಗೋಲು ಆಗೋ ಹಾಗೇ ಕಾಣಲಿಲ್ಲ."

"ಇಷ್ಟು ವರ್ಷ ನಾನು ಶಾಮಿಯಾನದ ಕೆಳಗೆ ಕೂತು ಇದನ್ನೆಲ್ಲ ನೋಡಿಲ್ಲವಲ್ಲಮ್ಮ" ಎಂದರು ಏಕಾಂತಯ್ಯ.

"ಅದೆಲ್ಲ ಇರಲಿ ಸಾರ್" ಎಂದ ವೆಂಕಟಸ್ವಾಮಿ. ಈಗ ಅವನ ಧ್ವನಿಯಲ್ಲಿ ನಗುವಿರಲಿಲ್ಲ. "ಹಾಗಾದ್ರೆ ಹೋದ ವರ್ಷದ ಕಪ್ಪು ಕೊಟ್ಟಿದ್ದೂ ಈ ಹುಡುಗೀನಾ? ಆಟ ಕಾಣದ ಜಡ್ಜು ವೋಟು ಹಾಕಿದ ಅಂತ ಹೊರಗೆ ಗೊತ್ತಾದ್ರೆ, ಹೋದ ವರ್ಷ ಕೆಲಸ ಸಿಕ್ಕಿದೆಯಲ್ಲ ಅವನ ಗತಿ? ಮದುವೆ ಆಗಿದಾನೆ, ಮಗು ಆಗಿದೆ. ಕಿತ್ತುಹಾಕ್ತಾರೆ. ಈ ವರ್ಷ ಲಕ್ಷ್ಮೀಪತಿಗೆ ಕೊಟ್ರೆ ಕಿಟ್ಟಿ ಕಡೆಯೋರು ಸುಮ್ಮನಿರಲ್ಲ, ಎಲ್ಲಾ ಕೆದಕ್ತಾರೆ. ಕಿಟ್ಟಿ ಹೆಸರು ಬರೀರಿ. ಇವತ್ತು ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ."

ಏಕಾಂತಯ್ಯ ಹನುಮಂತಯ್ಯನವರ ಕಡೆ ತಿರುಗಿದರು. ಕಿಟ್ಟಿಯ ಹೆಸರು ಬೇಡ ಎಂದು ಇವರು ಹೇಳಲಿ ಎಂದೇ ಅವರು ಕಾದಂತಿತ್ತು. ಹನುಮಂತಯ್ಯ ಬಾಯಿ ತೆರೆದರು. ಹೋದ ವರ್ಷದ ಆ ಹುಡುಗ ಕೆಲಸದ ಆರ್ಡರ್ ತೋರಿಸಲು ಮನೆಗೆ ಬಂದು ಕಾಲಿಗೆ ಬಿದ್ದಿದ್ದ. ಒಬ್ಬನಿಗೆ ಕೊಡಿಸಲು ಇನ್ನೊಬ್ಬನದ್ದು ಕಿತ್ತುಕೊಳ್ಳಬೇಕು. ಬೇಡ ಎನ್ನದೆ ಅವರು ಮೇಜಿನ ಮೇಲಿದ್ದ ಫೋಟೋವನ್ನು ವೆಂಕಟಸ್ವಾಮಿಯ ಕಡೆ ಸರಿಸಿದರು.

ಏಕಾಂತಯ್ಯ ಪೆನ್ನು ತೆಗೆದು ಕಿಟ್ಟಿಯ ಹೆಸರು ಬರೆದರು.

ಮಾತು ಅಲ್ಲೇ ಉಳಿಯಲಿಲ್ಲ. ಎಂಟನೆಯ ದಿನ ಕಾರ್ಖಾನೆಯ ಮ್ಯಾನೇಜರು ಹನುಮಂತಯ್ಯನವರನ್ನು ಒಳಗೆ ಕರೆದು ಒಂದು ಕಾಗದ ಕೊಟ್ಟು, "ಇದನ್ನ ಸ್ವಲ್ಪ ಓದಿ" ಎಂದರು. ಹನುಮಂತಯ್ಯ ಕಾಗದವನ್ನು ಹಾಗೇ ಮೇಜಿನ ಮೇಲಿಟ್ಟರು. ನನ್ನ ಕೈಯಿಂದ ಒಂದಾದರೂ ಕೆಟ್ಟ ಬೋಲ್ಟು ಹೊರಗೆ ಹೋಗಿದೆಯೇ ತೋರಿಸಿ ಎಂದು ಗೋಗರೆದರು. ಹೋಗಿಲ್ಲ ಎಂದು ಮ್ಯಾನೇಜರೂ ಒಪ್ಪಿದರು. ಆದರೂ ತಿಂಗಳೊಳಗೆ ಮೆಡಿಕಲ್ ಕಾರಣದ ಮೇಲೆ ಅವರನ್ನು ಮನೆಗೆ ಕಳಿಸಿದರು. ಕಪ್ಪು ಕಿಟ್ಟಿಗೇ ಹೋದದ್ದರಿಂದ ಹೋದ ವರ್ಷದ ಹುಡುಗನ ಕೆಲಸವನ್ನು ಮಾತ್ರ ಯಾರೂ ಕೆದಕಲಿಲ್ಲ.

ಕಪ್ಪು ಗೆದ್ದ ಕಿಟ್ಟಿ ಒಂದು ಬೆಳಿಗ್ಗೆ ಮನೆಗೆ ಬಂದ. ಹೊಸ್ತಿಲಲ್ಲೇ ನಿಂತ.

"ಲಕ್ಷ್ಮೀಪತಿ ನನಗಿಂತ ದೊಡ್ಡ ಆಟಗಾರ ಅಂತ ನನಗೂ ಗೊತ್ತು ಸಾರ್. ಕಪ್ ಬೇಕಿದ್ರೆ ಅವನಿಗೆ ಕೊಟ್ಟುಬಿಡ್ತೀನಿ. ಕೆಲಸ ಕೊಡಕ್ಕಾಗಲ್ಲ. ಮನೇಲಿ ದುಡಿಯೋನು ನಾನೊಬ್ಬನೇ."

"ಕೊಡಬೇಡಪ್ಪ" ಎಂದರು ಹನುಮಂತಯ್ಯ. "ನೀನೇನೂ ತಪ್ಪು ಮಾಡಿಲ್ಲ."

ಲಕ್ಷ್ಮೀಪತಿ ಬರಲು ಇನ್ನೂ ಹದಿನೈದು ದಿನ ಹಿಡಿಯಿತು. ಅವನು ಬೈಯಲಿಲ್ಲ. ಬೈದಿದ್ದರೆ ಹನುಮಂತಯ್ಯನವರಿಗೆ ಹಗುರವಾಗುತ್ತಿತ್ತು. ವತ್ಸಲಾ ಆ ಕೋಣೆಯಲ್ಲಿ ಏನು ಹೇಳಿದಳೆಂದು ಕೇಳಿದ. ಅವಳು ಅಷ್ಟನ್ನೂ ಹೇಳಿದಳು, ಅಲ್ಲಿ ಹೇಳಲಾಗದೆ ಉಳಿದದ್ದನ್ನೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ.

"ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಡ್ತೀರಾ? ಎಲ್ಲಾದ್ರೂ ತೋರಿಸ್ತೀನಿ."

ವತ್ಸಲಾ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಷಿನ್ನಿನಲ್ಲಿ ಒಂದೂವರೆ ಪುಟ ಟೈಪ್ ಮಾಡಿ ತಂದಳು. ಅಪ್ಪನ ಬೆರಳನ್ನು ಸಹಿ ಹಾಕುವ ಜಾಗದ ಮೇಲಿಟ್ಟಳು. ಹನುಮಂತಯ್ಯ ಹೆಸರು ಬರೆದು, ಕೆಳಗೆ 'ಮಾಜಿ ಸದಸ್ಯ, ಆಯ್ಕೆ ಕಮಿಟಿ' ಎಂದು ಸೇರಿಸಿದರು. ಅಕ್ಷರ ಸೊಟ್ಟಗೆ ಮೇಲಕ್ಕೆ ಹತ್ತಿ ಕೊನೆಯ ಸಾಲಿನ ಮೇಲೆ ಕೂತಿತು.

"ಇನ್ನೊಂದು ಸಲ ಟೈಪ್ ಮಾಡ್ಕೊಂಡು ಬರ್ತೀನಿ" ಎಂದಳು ವತ್ಸಲಾ.

"ಇರಲಿ ಬಿಡಿ" ಎಂದು ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಆ ಕಾಗದ ಹಿಡಿದು ಅವನು ಆರು ಕಾರ್ಖಾನೆಗಳ ಮೆಟ್ಟಿಲು ಹತ್ತಿದ. ಎರಡು ಕಡೆ ಓದಿದರು. ಒಂದು ಕಡೆ ಸಹಿ ಹಾಕಿದವರು ಯಾರು ಎಂದು ಕೇಳಿ, ಗೊತ್ತಾದ ಮೇಲೆ ನಕ್ಕರು. ಸಂಕ್ರಾಂತಿ ಕಳೆದ ಮೇಲೆ ಅವನು ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿಕೊಂಡನೆಂದೂ, ಭಾನುವಾರವೂ ಅಲ್ಲಿ ರಜೆ ಇಲ್ಲದ್ದರಿಂದ ಮೈದಾನದ ಕಡೆ ಬರುವುದಿಲ್ಲವೆಂದೂ ವತ್ಸಲಾ ಯಾರಿಂದಲೋ ಕೇಳಿಕೊಂಡು ಬಂದು ಹೇಳಿದಳು. ಹನುಮಂತಯ್ಯ ಗೋಡೆಯ ಕಡೆ ತಿರುಗಿ ಕೂತರು.